ಅಡ್ಡಗಾಳಿ ಅಪಘಾತಗಳು: ಲಘು ವಿಮಾನ

ರನ್‌ವೇಗೆ ಅಡ್ಡಲಾಗಿ ರಭಸದ ಬೀಸುಗಾಳಿ ಇರುವಾಗ ಸಣ್ಣ ವಿಮಾನ ಇಳಿಯುತ್ತ ಹತೋಟಿ ತಪ್ಪಿ ಉಂಟಾಗುವ ಅವಘಡಗಳು. ಇಳಿಯುವ ವೇಗ ಕಡಿಮೆಯಿರುವುದರಿಂದ ಸಾವು ವಿರಳ. ಆದರೆ ರೆಕ್ಕೆಯ ತುದಿ, ಪ್ರೊಪೆಲರ್, ಚಕ್ರದ ಕಾಲುಗಳು ಸುಲಭವಾಗಿ ಜಖಂಗೊಳ್ಳುತ್ತವೆ.

ಗಾಳಿಯ ಲೆಕ್ಕ

ರನ್‌ವೇ 27 ಎಂದರೆ ಸುಮಾರು 270 ಡಿಗ್ರಿಗೆ, ಅಂದರೆ ಪಶ್ಚಿಮಕ್ಕೆ ಮುಖಮಾಡಿದ ಓಡುದಾರಿ. ಅಲ್ಲಿ 240 ಡಿಗ್ರಿ ದಿಕ್ಕಿನಿಂದ 20 ನಾಟ್ (ಗಂಟೆಗೆ 37 ಕಿ.ಮೀ.) ಗಾಳಿ ಬೀಸಿದರೆ ಅದರ ಅಡ್ಡ ಪಾಲು 10 ನಾಟ್. ಅದೇ ಗಾಳಿ 210 ಡಿಗ್ರಿಗೆ ಸರಿದರೆ ಅಡ್ಡ ಪಾಲು 17 ನಾಟ್ ದಾಟುತ್ತದೆ. ತರಬೇತಿಯಲ್ಲಿ ಹೆಚ್ಚು ಬಳಕೆಯಲ್ಲಿರುವ ಸೆಸ್ನಾ 172ಎಸ್ ವಿಮಾನದ ಕೈಪಿಡಿ ಕೊಡುವ ಅಂಕಿ 15 ನಾಟ್. ಇದು ಪರೀಕ್ಷಾ ಹಾರಾಟದಲ್ಲಿ ಇಳಿಸಿ ತೋರಿಸಿದ ಮಟ್ಟ. ವಿಧಿಸಿದ ಮಿತಿಯೂ ಅಲ್ಲ, ಹೊಸ ಪೈಲಟ್‌ಗೆ ಅಭಯವೂ ಅಲ್ಲ.

ಇಳಿಸುವ ಕ್ರಮ

ಎಡಗಾಳಿಯಿದ್ದರೆ ಪೈಲಟ್ ಮೊದಲು ವಿಮಾನದ ಮೂತಿಯನ್ನು ಎಡಕ್ಕೆ ತಿರುಗಿಸಿಕೊಂಡು ಓರೆಯಾಗಿ ಬರುತ್ತಾನೆ. ನೆಲ ಸಮೀಪಿಸಿದಾಗ ಬಲ ರಡ್ಡರ್ (ಬಾಲದ ತಿರುಗು ಫಲಕ) ಪೆಡಲ್ ಒತ್ತಿ ಮೂತಿಯನ್ನು ನೇರ ಮಾಡಿ, ಎಡ ರೆಕ್ಕೆ ತಗ್ಗಿಸಿ, ಎಡ ಚಕ್ರವನ್ನು ಮೊದಲು ಊರುತ್ತಾನೆ. ಗಾಳಿ 15ರಿಂದ 25 ನಾಟ್‌ವರೆಗೆ ಏರಿಳಿಯುತ್ತಿದ್ದರೆ ಆ ಅಂತರದ ಅರ್ಧವನ್ನು, ಅಂದರೆ 5 ನಾಟ್, ಇಳಿಯುವ ವೇಗಕ್ಕೆ ಸೇರಿಸಿಕೊಳ್ಳುವುದು ರೂಢಿ. ಬೀಸು ಥಟ್ಟನೆ ನಿಂತಾಗ ವಿಮಾನ ಕುಸಿಯದಿರಲು ಈ ಹೆಚ್ಚುವರಿ ಬೇಕು. ಅದಕ್ಕಿಂತ ಹೆಚ್ಚಾದರೆ ವಿಮಾನ ನೆಲ ಹಿಡಿಯದೆ ತೇಲುತ್ತದೆ, ಇಲ್ಲವೆ ಪುಟಿಯುತ್ತದೆ.

ಹತೋಟಿ ತಪ್ಪುವ ಬಗೆ

ಚಕ್ರ ನೆಲ ಮುಟ್ಟಿದ ಮೇಲೂ ಅಪಾಯ ಕಳೆಯುವುದಿಲ್ಲ. ರಡ್ಡರ್ ಮತ್ತು ರೆಕ್ಕೆಗಳನ್ನು ಏರಿಳಿಸುವ ಫಲಕಗಳಾದ ಏಲರಾನ್‌ಗಳ ಬಲ, ಅವುಗಳ ಮೇಲೆ ಹಾಯುವ ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಇರುತ್ತದೆ: ಆ ವೇಗ 60 ನಾಟ್‌ನಿಂದ 30ಕ್ಕೆ ಇಳಿದರೆ ಬಲ ಕಾಲುಭಾಗಕ್ಕೆ ಕುಗ್ಗುತ್ತದೆ. ಅಡ್ಡಗಾಳಿ ಮಾತ್ರ ಮೊದಲಿನಷ್ಟೇ ಇರುತ್ತದೆ. ಬಾಲದ ನಿಲುವು ಫಲಕವನ್ನು ತಳ್ಳಿ ಮೂತಿಯನ್ನು ಗಾಳಿಯತ್ತ ತಿರುಗಿಸುತ್ತದೆ. ಇಳಿದಾಯಿತೆಂದು ಪೈಲಟ್ ಏಲರಾನ್ ಸಡಿಲಿಸಿದರೆ ಗಾಳಿಯ ಕಡೆಯ ರೆಕ್ಕೆ ಮೇಲೇಳುತ್ತದೆ. ಬಾಲಚಕ್ರದ ವಿಮಾನಗಳಲ್ಲಿ ಗುರುತ್ವಕೇಂದ್ರ ಮುಖ್ಯ ಚಕ್ರಗಳ ಹಿಂದಿರುವುದರಿಂದ, ಶುರುವಾದ ತಿರುವು ತಾನಾಗಿ ಬಿಗಿಯಾಗುತ್ತ ಹೋಗಿ ವಿಮಾನ ಗಿರ್ರನೆ ಸುತ್ತುತ್ತದೆ. ಇದೇ ‘ಗ್ರೌಂಡ್ ಲೂಪ್’.

ವಿನ್ಯಾಸ ಮತ್ತು ಎಚ್ಚರಿಕೆ

1937ರಲ್ಲಿ ಮೊದಲು ಹಾರಿದ ಅಮೆರಿಕದ ಎರ್ಕೂಪ್ ವಿಮಾನದ ಚಕ್ರದ ಕಾಲುಗಳು ಓರೆಯಾಗಿಯೇ ಇಳಿಯುವುದನ್ನು ತಾಳುವಷ್ಟು ಗಟ್ಟಿ. ಸೆಸ್ನಾ 195ಕ್ಕೆ ಅಡ್ಡಗಾಳಿಗೆ ತಕ್ಕಂತೆ ಹೊರಳುವ ಚಕ್ರಗಳನ್ನೂ ಅಳವಡಿಸಲಾಗಿತ್ತು. ಇಂಥ ಏರ್ಪಾಡು ವ್ಯಾಪಕವಾಗಲಿಲ್ಲ. ರಡ್ಡರ್ ಪೂರ್ತಿ ಒತ್ತಿದರೂ ಮೂತಿ ರನ್‌ವೇಗೆ ನೇರವಾಗದಿದ್ದರೆ ಆ ಗಾಳಿ ವಿಮಾನದ ಶಕ್ತಿಗೆ ಮೀರಿದ್ದು. ಆಗ ಎಂಜಿನ್ ವೇಗ ಹೆಚ್ಚಿಸಿ ಮತ್ತೆ ಮೇಲೇರಬೇಕು, ಗಾಳಿಗೆ ಎದುರಾದ ಬೇರೆ ರನ್‌ವೇ ಹುಡುಕಬೇಕು.