ಕೊರಿಯಾದ ಕೈದಿಗಳನ್ನು ಕಾದ ಕೊಡಗಿನ ಜನರಲ್

ಮಡಿಕೇರಿಗೆ ಹೋದವರು ಜನರಲ್ ಕೆ.ಎಸ್. ತಿಮ್ಮಯ್ಯ ಅವರ ಪ್ರತಿಮೆಯನ್ನು ನೋಡಿಯೇ ಇರುತ್ತೀರಿ. ಅವರು ಬಾಲ್ಯ ಕಳೆದ 'ಸನ್ನಿ ಸೈಡ್' ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. 1948ರಲ್ಲಿ ಹಿಮದ ನಡುವೆ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ ಅವರ ಸಾಹಸವನ್ನು ನಮ್ಮಲ್ಲಿ ಹಲವರು ಕೇಳಿದ್ದಾರೆ. ಆದರೆ ಅದಕ್ಕಿಂತ ಕಷ್ಟದ್ದೆಂದು ನಮಗೆ ಅನ್ನಿಸುವ ಕೆಲಸ ಇನ್ನೊಂದಿದೆ. ಅಲ್ಲಿ ಗೆಲ್ಲಬೇಕಾದ ಶತ್ರು ಇರಲಿಲ್ಲ. ಸಾವಿರಾರು ಜನರನ್ನು 'ನೀನು ಎಲ್ಲಿಗೆ ಹೋಗುತ್ತೀಯಪ್ಪಾ?' ಎಂದು ಕೇಳಬೇಕಿತ್ತು, ಅಷ್ಟೇ.

1950ರ ಜೂನ್ 25ರಂದು ಉತ್ತರ ಕೊರಿಯಾದ ಸೇನೆ ದಕ್ಷಿಣಕ್ಕೆ ನುಗ್ಗಿತು. ದಕ್ಷಿಣದ ಬೆನ್ನಿಗೆ ಅಮೆರಿಕ ಮತ್ತು ವಿಶ್ವಸಂಸ್ಥೆಯ ಪಡೆ ನಿಂತರೆ, ಉತ್ತರದ ಬೆನ್ನಿಗೆ ಚೀನಾ ನಿಂತಿತು. ವರ್ಷ ಕಳೆಯುವಷ್ಟರಲ್ಲಿ ಯಾರೂ ಗೆಲ್ಲುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಾಯಿತು. 1951ರ ಜುಲೈನಲ್ಲಿ ಸಂಧಾನ ಶುರುವಾಯಿತು. ಆದರೂ ಯುದ್ಧ ಇನ್ನೂ ಎರಡು ವರ್ಷ ಎಳೆಯಿತು. ಅದಕ್ಕೆ ದೊಡ್ಡ ಕಾರಣ ಯುದ್ಧಕೈದಿಗಳು.

1949ರ ಜಿನೀವಾ ಒಪ್ಪಂದದ ಪ್ರಕಾರ ಯುದ್ಧ ಮುಗಿದ ಮೇಲೆ ಕೈದಿಗಳನ್ನು ತಡಮಾಡದೆ ಊರಿಗೆ ಕಳಿಸಬೇಕು. 'ಹಾಗಾದರೆ ಎಲ್ಲರನ್ನೂ ಕಳಿಸಿ' ಎಂದಿತು ಚೀನಾ. 'ಇಷ್ಟವಿಲ್ಲದವರನ್ನು ಬಲವಂತವಾಗಿ ಕಳಿಸುವುದಿಲ್ಲ' ಎಂದಿತು ಅಮೆರಿಕ. ಚೀನೀ ಕೈದಿಗಳಲ್ಲಿ ಹಲವರು ಮೊದಲು ಚಿಯಾಂಗ್ ಕೈ-ಶೆಕ್ ಸೇನೆಯಲ್ಲಿದ್ದವರು. ಅವರು ತೈವಾನಿಗೆ ಹೋಗಲು ಬಯಸುತ್ತಿದ್ದರು. ಕೈದಿ ಯಾವ ಕಡೆಗೆ ನಡೆಯುತ್ತಾನೆ ಎನ್ನುವುದು ಯಾರ ಆಡಳಿತ ಒಳ್ಳೆಯದು ಎಂಬುದಕ್ಕೆ ಸಾಕ್ಷಿಯಾಗಿಬಿಟ್ಟಿತು. ಹೀಗಾಗಿ ಇಬ್ಬರೂ ಹಟ ಬಿಡಲಿಲ್ಲ. ಆ ಹಟದ ನಡುವೆ ಗಡಿಯಲ್ಲಿ ಸೈನಿಕರು ಸಾಯುತ್ತಲೇ ಇದ್ದರು.

ಆಗ ಭಾರತ ಒಂದು ದಾರಿ ಸೂಚಿಸಿತು. ಕೈದಿಗಳನ್ನು ತಟಸ್ಥ ದೇಶಗಳ ಆಯೋಗವೊಂದಕ್ಕೆ ಒಪ್ಪಿಸೋಣ, ಅವರ ಮನಸ್ಸನ್ನು ಅದೇ ಕೇಳಲಿ ಎಂಬುದು ಅದರ ಸಾರ. 1952ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಇದನ್ನು ಒಪ್ಪಿತು. ಚೀನಾ ಮತ್ತು ಸೋವಿಯತ್ ಒಕ್ಕೂಟ ಮೊದಲು ತಳ್ಳಿಹಾಕಿದವು. 1953ರ ಮಾರ್ಚ್‌ನಲ್ಲಿ ಸ್ಟಾಲಿನ್ ತೀರಿಕೊಂಡ ಮೇಲೆ ಬಿಗಿ ಸಡಿಲವಾಯಿತು. ಜುಲೈ 27ರಂದು ಕದನ ವಿರಾಮಕ್ಕೆ ಸಹಿ ಬಿತ್ತು. ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ ಮತ್ತು ಭಾರತ ಇದ್ದವು. ಅಧ್ಯಕ್ಷರು ತಿಮ್ಮಯ್ಯ. ಕೈದಿಗಳನ್ನು ಕಾಯುವ ಹೊಣೆ ಮೇಜರ್ ಜನರಲ್ ಎಸ್.ಪಿ.ಪಿ. ಥೋರಾಟ್ ನೇತೃತ್ವದ ಭಾರತೀಯ ಪಡೆಯದ್ದು.

ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಅವರಿಗೆ ಭಾರತ ಎಂದರೆ ಆಗುತ್ತಿರಲಿಲ್ಲ. ನಮ್ಮ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಕೂಡದು ಎಂದುಬಿಟ್ಟರು. ಅದಕ್ಕೇ ಇಂಚಾನ್ ಬಂದರಿನ ಹಡಗುಗಳಿಂದ ನೇರವಾಗಿ ಸೇನಾರಹಿತ ವಲಯಕ್ಕೆ ಅವರನ್ನು ಅಮೆರಿಕದ ಹೆಲಿಕಾಪ್ಟರುಗಳಲ್ಲಿ ಸಾಗಿಸಬೇಕಾಯಿತು. ಅಲ್ಲಿ ಕಟ್ಟಿದ ಶಿಬಿರಕ್ಕೆ ಅವರು 'ಹಿಂದ್ ನಗರ್' ಎಂದು ಹೆಸರಿಟ್ಟರು.

ಅಲ್ಲಿಗೆ ವಿಶ್ವಸಂಸ್ಥೆಯ ಕಡೆಯಿಂದ 22,000ಕ್ಕೂ ಹೆಚ್ಚು ಚೀನೀ ಮತ್ತು ಕೊರಿಯನ್ ಕೈದಿಗಳು ಬಂದರು. ಇನ್ನೊಂದು ಕಡೆಯಿಂದ ಬಂದವರು 359 ಮಂದಿ. ಮುಳ್ಳುತಂತಿಯ ಒಳಗೆ ಕೈದಿಗಳದೇ ನಾಯಕರಿದ್ದರು. ಊರಿಗೆ ಹೋಗುತ್ತೇನೆ ಎಂದವನಿಗೆ ಹೊಡೆತ ಬೀಳುತ್ತಿತ್ತು, ಕೊಲೆಗಳೂ ಆದವು. ಕಮ್ಯುನಿಸ್ಟ್ ವಿರೋಧಿ ಘೋಷಣೆಗಳನ್ನು ಮೈಮೇಲೆ ಹಚ್ಚೆ ಹಾಕಿಸಿಕೊಂಡವರಿದ್ದರು. ಕೆಲವರಿಗೆ ಅದನ್ನು ಬಲವಂತವಾಗಿ ಹಾಕಲಾಗಿತ್ತು. ಅಂಥ ಹಚ್ಚೆ ಹೊತ್ತವನು ಊರಿಗೆ ಹೋಗುವುದಾದರೂ ಹೇಗೆ? ಕೆಲವರು ಬೇಲಿ ಹಾರಿ ಬಂದು, ಮನೆಗೆ ಕಳಿಸಿ ಎಂದು ನಮ್ಮ ಕಾವಲುಗಾರರನ್ನು ಬೇಡಿದರು. ಸೆಪ್ಟೆಂಬರ್‌ನಲ್ಲಿ ಕೈದಿಗಳು ಭಾರತದ ಒಬ್ಬ ಮೇಜರ್‌ರನ್ನೇ ಹಿಡಿದಿಟ್ಟುಕೊಂಡರು. ಥೋರಾಟ್ ಸ್ವತಃ ಒಳಗೆ ಹೋಗಿ, ಮಾತಾಡಿ, ಬಿಡಿಸಿಕೊಂಡು ಬಂದರು. ಆದರೆ ಅಕ್ಟೋಬರ್ ಆರಂಭದ ಗಲಭೆಗಳಲ್ಲಿ ನಮ್ಮ ಸೈನಿಕರ ಗುಂಡಿಗೆ ಕೈದಿಗಳು ಸತ್ತರು. ಅದನ್ನೂ ಮರೆಯುವಂತಿಲ್ಲ.

ಕೈದಿಯನ್ನು ಒಬ್ಬೊಬ್ಬನಾಗಿ ಒಂದು ಡೇರೆಗೆ ಕರೆತರಬೇಕು, ಅವನ ದೇಶದವರು ಬಂದು ಊರಿಗೆ ಬಾ ಎಂದು ತಿಳಿಹೇಳಬೇಕು, ಆಮೇಲೆ ಅವನು ಎರಡು ಬಾಗಿಲುಗಳಲ್ಲಿ ಒಂದನ್ನು ಆರಿಸಿಕೊಂಡು ಹೊರಡಬೇಕು. ಕ್ರಮ ಇದಾಗಿತ್ತು. ಅದಕ್ಕೆ 90 ದಿನಗಳ ಅವಧಿ ಇತ್ತು. ನಿಜಕ್ಕೂ ನಡೆದದ್ದು ಸುಮಾರು 10 ದಿನ ಮಾತ್ರ. ಬಹುಪಾಲು ಕೈದಿಗಳು ಡೇರೆಗೆ ಬರಲೇ ಒಪ್ಪಲಿಲ್ಲ. ಬಲವಂತವಾಗಿ ಎಳೆತಂದರೆ ರಕ್ತ ಹರಿಯುತ್ತದೆ, ಬಿಟ್ಟರೆ ಗುಂಪಿನ ನಾಯಕರ ಹಿಡಿತವೇ ಉಳಿಯುತ್ತದೆ. ಆಯೋಗದಲ್ಲಿ ಇಬ್ಬರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ನಿರ್ಧಾರ ತಿಮ್ಮಯ್ಯನವರ ತಲೆಗೇ ಬರುತ್ತಿತ್ತು. ಅವರು ಬಲ ಪ್ರಯೋಗಿಸಲಿಲ್ಲ.

ಕೊನೆಗೆ ಊರಿಗೆ ಮರಳಿದವರು ಸುಮಾರು 600 ಮಂದಿ. 1954ರ ಜನವರಿ 20ರಿಂದ ಉಳಿದವರನ್ನು, ಅವರನ್ನು ಮೊದಲು ಹಿಡಿದಿಟ್ಟಿದ್ದ ಕಡೆಗೇ ತಿಮ್ಮಯ್ಯ ಒಪ್ಪಿಸಿದರು. ತಿಳಿಹೇಳುವ ಕೆಲಸ ಮುಗಿಯದೆ ಒಪ್ಪಿಸಿದ್ದು ತಪ್ಪು ಎಂದಿತು ಚೀನಾ. ಅವರನ್ನು ನಾಗರಿಕರೆಂದು ಘೋಷಿಸಿ ಬಿಡಬೇಕಿತ್ತು ಎಂದಿತು ಅಮೆರಿಕದ ಕಡೆ. ಚೀನೀಯರಲ್ಲಿ ಹೆಚ್ಚಿನವರು ತೈವಾನ್ ಸೇರಿದರು. ಎರಡೂ ಕಡೆ ಬೇಡ ಎಂದ 88 ಮಂದಿ ನಮ್ಮ ಸೈನಿಕರ ಜೊತೆ ಹಡಗು ಹತ್ತಿ ಭಾರತಕ್ಕೆ ಬಂದರು. ಅವರಲ್ಲಿ ಹಲವರು ಮುಂದೆ ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋದರೆ, ಕೆಲವರು ಇಲ್ಲೇ ನೆಲೆಸಿದರು.

ಇದನ್ನು ಗೆಲುವು ಎನ್ನಬೇಕೋ ಸೋಲು ಎನ್ನಬೇಕೋ? ಪ್ರತಿಯೊಬ್ಬ ಕೈದಿಯ ಮನಸ್ಸನ್ನು ಕೇಳುವ ಕೆಲಸ ಅರ್ಧಕ್ಕೇ ನಿಂತಿತು, ನಿಜ. ಆದರೆ ಎರಡು ವರ್ಷ ಜೀವ ತಿಂದ ಗಂಟು ಬಿಚ್ಚಿತು. ಕೊರಿಯಾದಲ್ಲಿ ಇಂದಿಗೂ ಶಾಂತಿ ಒಪ್ಪಂದವಾಗಿಲ್ಲ, ಉಳಿದಿರುವುದು ಅದೇ ಕದನ ವಿರಾಮ. ಊರ ಪಂಚಾಯಿತಿಯಲ್ಲಿ ನ್ಯಾಯ ಹೇಳಿದವರಿಗೆ ಇದು ಹೊಸದಲ್ಲ. ನಡುವೆ ನಿಂತವನನ್ನು ಇಬ್ಬರೂ ಬೈಯುತ್ತಾರೆ. ಆದರೆ ನಡುವೆ ನಿಲ್ಲುವವರೇ ಇಲ್ಲದಿದ್ದರೆ ಜಗಳ ನಿಲ್ಲುವುದೂ ಇಲ್ಲ.

ತಿಮ್ಮಯ್ಯ ಮತ್ತೆ ಅದೇ ಜಾಗಕ್ಕೆ ಹೋದರು. ಸೇನಾ ಮುಖ್ಯಸ್ಥರಾಗಿ ನಿವೃತ್ತರಾದ ಮೇಲೆ, 1964ರಲ್ಲಿ, ಗ್ರೀಕರು ಮತ್ತು ತುರ್ಕರು ಬಡಿದಾಡುತ್ತಿದ್ದ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾದರು. 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಮುಂದಿನ ಸಲ ಮಡಿಕೇರಿಯಲ್ಲಿ ಅವರ ಪ್ರತಿಮೆಯ ಮುಂದೆ ಬಸ್ಸಿಗೆ ಕಾಯುವಾಗ, ಆ ಡೇರೆಯ ಎರಡು ಬಾಗಿಲುಗಳನ್ನೂ ಒಮ್ಮೆ ನೆನೆಯಿರಿ.