ಕೆಟ್ಟ ಎಲೆ, ಕರಗುವ ಗಂಟು, ಮದ್ರಾಸಿನ ಕೋರ್ಟು

ಶಿವರಾತ್ರಿ ಜಾಗರಣೆ ಅಂದರೆ ನಮ್ಮ ಕಡೆ ಒಂದು ಕೋಣೆಯಲ್ಲಿ ಭಜನೆ, ಇನ್ನೊಂದು ಕೋಣೆಯಲ್ಲಿ ಇಸ್ಪೀಟು. ಎರಡನೆಯ ಕೋಣೆಯಲ್ಲೇ ಜನ ಜಾಸ್ತಿ! 1993ರಲ್ಲಿ ಬ್ಯಾಂಕ್ ನೌಕರಿಗೆಂದು ಮದ್ರಾಸಿಗೆ ಬಂದಾಗ (ಆಗಿನ್ನೂ ಅದು ಚೆನ್ನೈ ಆಗಿರಲಿಲ್ಲ) ಆ ಚಾಳಿಯೂ ನನ್ನ ಟ್ರಂಕಿನ ಜೊತೆಗೇ ಬಂತು. ಟ್ರಿಪ್ಲಿಕೇನಿನ ಮ್ಯಾನ್ಶನ್ ಒಂದರಲ್ಲಿ ನಾವು ಐದಾರು ಬ್ರಹ್ಮಚಾರಿಗಳು ಭಾನುವಾರ ಮಧ್ಯಾಹ್ನ ನೂರೊಂದರ ರಮ್ಮಿಗೆ ಕೂರುತ್ತಿದ್ದೆವು.

ನೂರೊಂದರ ಆಟ ಗೊತ್ತಲ್ಲ? ಎಲ್ಲರೂ ಸೊನ್ನೆಯಿಂದ ಶುರು. ಸೋತ ಪಾಯಿಂಟು ಏರುತ್ತಾ ಹೋಗುತ್ತದೆ, 101 ಮುಟ್ಟಿದವನು ಔಟ್. ಎಲೆ ನೋಡಿದ ಕೂಡಲೇ ಬೇಡ ಅಂತ ಡ್ರಾಪ್ ಮಾಡಿದರೆ 20. ಒಂದು ಎಲೆ ಎತ್ತಿದ ಮೇಲೆ ಬಿಟ್ಟರೆ 40. ಜೋಕರ್ ಇಲ್ಲದ ಒಂದು ಸೀಕ್ವೆನ್ಸೂ ಕೂಡದೆ ಸಿಕ್ಕಿಬಿದ್ದರೆ ಕೈಯಲ್ಲಿರುವುದೆಲ್ಲ ಎಣಿಕೆ, 80ರವರೆಗೆ. ಅಂದರೆ ಪ್ರತಿಯೊಬ್ಬನ ಕೈಯಲ್ಲೂ ಐದು ಡ್ರಾಪ್‌ನಷ್ಟು ಬಂಡವಾಳ. ಆದರೆ ಲೆಕ್ಕ 80 ದಾಟಿತೋ, ಡ್ರಾಪ್ ಮಾಡುವ ಹಕ್ಕೇ ಹೋಯಿತು. 81ಕ್ಕೆ 20 ಸೇರಿದರೆ 101! ಆಮೇಲೆ ಎಂಥಾ ದರಿದ್ರ ಎಲೆ ಬಂದರೂ ಆಡಲೇಬೇಕು. ಅಂಥವನಿಗೆ ನಾವು "ಕಂಪಲ್ಸರಿ" ಅನ್ನುತ್ತಿದ್ದೆವು.

ನಮ್ಮ ಗುಂಪಿನಲ್ಲಿ ಧಾರವಾಡದ ಹಿರಿಯರೊಬ್ಬರಿದ್ದರು. ನಾನು ನಾಲ್ಕು ರಾಜ ರಾಣಿ ಹಿಡಿದುಕೊಂಡು ಆಸೆಯಿಂದ ಕೂತಾಗಲೆಲ್ಲ, "ತಮ್ಮಾ, ಎಲಿ ಕೆಟ್ಟದ್ದು ಬಂದ್ರ ಇಪ್ಪತ್ತು ಕೊಟ್ಟು ಏಳು. ಎಂಬತ್ತು ದಾಟಿದ ಮ್ಯಾಲೆ ಏಳೂ ಹಂಗಿಲ್ಲ" ಅನ್ನುತ್ತಿದ್ದರು. ನಾನು ಏಳುತ್ತಿರಲಿಲ್ಲ. ಬಿ.ಕಾಂ. ಓದಿದವನಿಗೆ ಲೆಕ್ಕ ಹೇಳಿಕೊಡಲು ಬಂದರಲ್ಲ ಅಂತ ಒಳಗೊಳಗೇ ನಗು ಬೇರೆ.

ಬಹಳ ವರ್ಷಗಳ ನಂತರ ಪೋಕರ್ ಟೂರ್ನಮೆಂಟುಗಳ ಬಗ್ಗೆ ಓದಿದಾಗ ಅದೇ ಮಾತು ಇನ್ನೊಂದು ವೇಷದಲ್ಲಿ ಸಿಕ್ಕಿತು. ಅಲ್ಲಿ ಎಲ್ಲರಿಗೂ ಒಂದೇ ಲೆಕ್ಕದ ಬಿಲ್ಲೆ. ಆಡಲಿ ಬಿಡಲಿ, ಮೇಜಿನ ಸುತ್ತ ಸರದಿಯಂತೆ ಕಡ್ಡಾಯ ಪಣ ಕಟ್ಟಬೇಕು, ಅದು ಹೊತ್ತು ಹೋದಂತೆ ಏರುತ್ತದೆ. ಒಳ್ಳೆ ಎಲೆ ಬರಲಿ ಅಂತ ಸುಮ್ಮನೆ ಕೂತರೂ ಗಂಟು ಕರಗುತ್ತದೆ. 1995ರ ವಿಶ್ವ ಚಾಂಪಿಯನ್ ಡ್ಯಾನ್ ಹ್ಯಾರಿಂಗ್ಟನ್ ತನ್ನ ಪುಸ್ತಕಗಳಲ್ಲಿ ಇದಕ್ಕೊಂದು ಸರಳ ಭಾಗಾಕಾರ ಕೊಟ್ಟಿದ್ದಾನೆ. ಲೆಕ್ಕ ಪಾಲ್ ಮ್ಯಾಗ್ರಿಯಲ್ ಎಂಬವನದು, ಅದಕ್ಕೇ ಹೆಸರು "ಎಂ". ನಿಮ್ಮ ಬಿಲ್ಲೆಯನ್ನು ಒಂದು ಸುತ್ತಿನ ಕಡ್ಡಾಯ ಖರ್ಚಿನಿಂದ ಭಾಗಿಸಿ. ಕೈಯಲ್ಲಿ 6000, ಸುತ್ತಿಗೆ 1200 ಅಂದರೆ ಎಂ 5. ಐದೇ ಸುತ್ತಿನ ಆಯುಷ್ಯ. ಅಷ್ಟಕ್ಕಿಂತ ಇಳಿದರೆ ಎರಡೇ ದಾರಿ: ಎಲೆ ಬಿಡು, ಇಲ್ಲವೇ ಇದ್ದದ್ದೆಲ್ಲ ಮುಂದಿಡು. ಅರ್ಧಂಬರ್ಧ ಆಡುವ ಹಾಗಿಲ್ಲ. ಮುಂದಿಡುವುದೂ ತೀರಾ ಬರಿಗೈ ಆಗುವ ಮೊದಲೇ ಆಗಬೇಕು. ನಿಮ್ಮ ಪಣ ಕಂಡು ಎದುರಿನವನು ಹಿಂಜರಿಯುವಷ್ಟಾದರೂ ಗಂಟಿರಬೇಕು. ಇಲ್ಲದಿದ್ದರೆ ಅವನಿಗೇನು ನಷ್ಟ? ನೋಡೇ ಬಿಡೋಣ ಅಂತ ಎಂಥಾ ಎಲೆಯಲ್ಲೂ ಬರುತ್ತಾನೆ. ಆಗ ನೀವೂ ನಮ್ಮ ಕಂಪಲ್ಸರಿಯೇ.

ಕೆಟ್ಟ ಎಲೆ ಬಂದಾಗ ಏನು ಮಾಡುತ್ತೀರಿ ಅನ್ನುವ ಈ ಪ್ರಶ್ನೆ ನಮ್ಮ ಮದ್ರಾಸಿನಲ್ಲಿ ಕಾನೂನಿನ ಪ್ರಶ್ನೆಯೂ ಆಯಿತು. 1930ರ ಮದ್ರಾಸ್ ಜೂಜು ಕಾಯಿದೆ, ಕೇವಲ ಕೌಶಲದ ಆಟಗಳಿಗೆ ವಿನಾಯಿತಿ ಕೊಟ್ಟಿತ್ತು. ಹಾಗಾದರೆ ಕೌಶಲ ಅಂದರೆ ಏನು? 1957ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಪ್ರಸಿದ್ಧ ಕೇಸಿನಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. ಚಮಾರ್‌ಬಾಗ್‌ವಾಲಾ ಎಂಬವರ ಪದಬಂಧ ಸ್ಪರ್ಧೆ ಬರುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ವಾರಪತ್ರಿಕೆ ಅಚ್ಚಾಗುತ್ತಿದ್ದದ್ದು ಬೆಂಗಳೂರಿನಲ್ಲಿ. ಮೊದಲೇ ಗುಟ್ಟಾಗಿಟ್ಟ ಉತ್ತರಕ್ಕೆ ಸರಿಹೊಂದಬೇಕಾದ ಆ ಪದಬಂಧ ಜೂಜು ಅಂತ ತೀರ್ಪಾಯಿತು. ಕೌಶಲವೇ ಮೇಲುಗೈಯಾದ ಸ್ಪರ್ಧೆ ಬೇರೆ ಎಂಬ ಗೆರೆಯೂ ಆಗಲೇ ಬಿತ್ತು.

1963ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿಗೆ ಪೊಲೀಸರು ನುಗ್ಗಿ ರಮ್ಮಿ ಆಡುತ್ತಿದ್ದವರನ್ನು ಹಿಡಿದರು. 1967ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಪು ಬರೆದವರು ನ್ಯಾಯಮೂರ್ತಿ ಹಿದಾಯತುಲ್ಲಾ. ರಮ್ಮಿ ಮೂರೆಲೆ ಆಟದಂತಲ್ಲ, ಬಿದ್ದ ಎಲೆ ನೆನಪಿಡಬೇಕು, ಯಾವುದು ಇಟ್ಟುಕೊಳ್ಳಬೇಕು ಯಾವುದು ಎಸೆಯಬೇಕು ಅನ್ನುವುದರಲ್ಲಿ ಕೌಶಲ ಬೇಕು ಎಂದರು. ಎಲೆ ಹಂಚುವುದು ಅದೃಷ್ಟ, ಹೌದು, ಆದರೆ ಬ್ರಿಜ್‌ನಲ್ಲೂ ಹಾಗೇ ತಾನೇ? 1996ರಲ್ಲಿ ಗಿಂಡಿಯ ಕುದುರೆ ರೇಸೂ ಇದೇ ಬಾಗಿಲಿನಿಂದ ಒಳಗೆ ಬಂತು.

ಪೋಕರಿನ ಹಾದಿ ಇಷ್ಟು ಸಲೀಸಾಗಿರಲಿಲ್ಲ. 2017ರಲ್ಲಿ ಗುಜರಾತ್ ಹೈಕೋರ್ಟು ಅದು ಜೂಜೇ ಅಂದಿತು. ಅಮೆರಿಕದಲ್ಲಿ 2012ರಲ್ಲಿ ಬ್ರೂಕ್ಲಿನ್ನಿನ ನ್ಯಾಯಾಧೀಶ ಜ್ಯಾಕ್ ವೈನ್‌ಸ್ಟೈನ್ ಮುಂದೆ ಅರ್ಥಶಾಸ್ತ್ರಜ್ಞನೊಬ್ಬ ಕೋಟ್ಯಂತರ ಕೈಗಳ ಅಂಕಿ ಅಂಶ ತಂದಿಟ್ಟಿದ್ದ. ಅದೇ ಎಲೆಯಲ್ಲಿ ಪಳಗಿದವನು ಏನು ಮಾಡುತ್ತಾನೆ, ಹೊಸಬ ಏನು ಮಾಡುತ್ತಾನೆ ಅನ್ನುವ ಹೋಲಿಕೆ ಅದು. ಎಲೆ ಒಂದೇ ಆದರೂ ಪಳಗಿದವನ ಲೆಕ್ಕ ಮೇಲು. ಪೋಕರಿನಲ್ಲಿ ಕೌಶಲವೇ ಹೆಚ್ಚು ಅಂತ ಆ ನ್ಯಾಯಾಧೀಶರು ಒಪ್ಪಿದರು. ಮುಂದಿನ ವರ್ಷ ಮೇಲಿನ ಕೋರ್ಟು ಕಾನೂನಿನ ಅರ್ಥದ ಮೇಲೆ ತೀರ್ಪು ತಿರುಗಿಸಿತು, ಅದು ಬೇರೆ ಕಥೆ. ನನಗೆ ನೆನಪಾದದ್ದು ಮಾತ್ರ ಧಾರವಾಡದ ಹಿರಿಯರು.

ಅಷ್ಟರಲ್ಲಿ ಆಟ ಫೋನಿಗೆ ಬಂದಿತ್ತು. ಸಾಲದಲ್ಲಿ ಮುಳುಗಿ ಪ್ರಾಣ ಕಳೆದುಕೊಂಡವರ ಸುದ್ದಿ ತಮಿಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ತಮಿಳುನಾಡು 2021ರಲ್ಲಿ ನಿಷೇಧ ತಂದಿತು. ಆಗಸ್ಟ್ 3ರಂದು ಮದ್ರಾಸ್ ಹೈಕೋರ್ಟು ಅದನ್ನು ರದ್ದು ಮಾಡಿತು. ಕರ್ನಾಟಕದ ಅಂಥದೇ ಕಾಯಿದೆ 2022ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿತ್ತು. ಇಲ್ಲಿ ನಿವೃತ್ತ ನ್ಯಾಯಮೂರ್ತಿ ಚಂದ್ರು ಸಮಿತಿಯ ವರದಿಯ ಮೇಲೆ ಹೊಸ ಕಾಯಿದೆ ಬಂತು. ರಾಜ್ಯಪಾಲರು ವಾಪಸ್ ಕಳಿಸಿ, ವಿಧಾನಸಭೆ ಮತ್ತೆ ಒಪ್ಪಿ, 2023ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ನವೆಂಬರ್ 9ರಂದು ಹೈಕೋರ್ಟು ಕಾಯಿದೆ ಉಳಿಸಿ, ನಿಷೇಧದ ಪಟ್ಟಿಯಿಂದ ರಮ್ಮಿ, ಪೋಕರ್ ಎರಡನ್ನೂ ತೆಗೆಯಿತು.

ಇದೇ ಗಲಾಟೆಯ ನಡುವೆ ನಮ್ಮ ಶಾಖೆಗೆ ಒಬ್ಬ ಹುಡುಗ ಬಂದ. ಒಳ್ಳೆ ಕೆಲಸ, ಒಳ್ಳೆ ಸಂಬಳ, ಇನ್ನೊಂದು ಪರ್ಸನಲ್ ಲೋನ್ ಬೇಕಂತೆ. ಸ್ಟೇಟ್‌ಮೆಂಟ್ ತೆಗೆದು ನೋಡಿದೆ. ರಾತ್ರಿ ಒಂದು ಗಂಟೆಗೆ 500, ಒಂದೂಕಾಲಿಗೆ 1000, ಎರಡಕ್ಕೆ 2000, ಮೂರಕ್ಕೆ 5000. ಕೇಳಿದ್ದಕ್ಕೆ "ಸ್ಕಿಲ್ ಗೇಮ್ ಸಾರ್, ಕೋರ್ಟೇ ಹೇಳಿದೆ" ಅಂದ. ಕೋರ್ಟು ಹೇಳಿದ್ದು ನಿಜ. ಆದರೆ ಕೋರ್ಟು ಹೇಳಿದ ಕೌಶಲದ ಮುಖ್ಯ ಭಾಗವೇ ಎದ್ದು ಹೋಗುವುದು. ಮ್ಯಾನ್ಶನ್ನಿನಲ್ಲಿ 101 ಆದವನಿಗೆ ಮತ್ತೆ ದುಡ್ಡು ಕಟ್ಟಿ ಒಳಬರಲು ಅವಕಾಶವಿತ್ತು, ಆದರೆ ಜೇಬಿನ ಆಳ, ಎದುರು ಕೂತವರ ಮುಖ, ಮೆಸ್ ಮುಚ್ಚುವ ಹೊತ್ತು, ಎಲ್ಲವೂ ತಡೆಯುತ್ತಿದ್ದವು. ಫೋನಿನಲ್ಲಿ ಮೆಸ್ ಮುಚ್ಚುವುದೇ ಇಲ್ಲ. ಸಾಲ ಕೊಡಲಿಲ್ಲ. ಬೈದುಕೊಂಡೇ ಹೋದ. ಹಳೆಯ ಸಾಲ ತೀರಿಸಲು ಅಪ್ಪ ಊರಿನ ಸೈಟು ಮಾರಿದರು ಅಂತ ಆಮೇಲೆ ಗೊತ್ತಾಯಿತು.

2025ರ ಆರಂಭದಲ್ಲಿ ತಮಿಳುನಾಡು ಮಧ್ಯರಾತ್ರಿಯಿಂದ ಬೆಳಗಿನ ಐದರವರೆಗೆ ದುಡ್ಡಿನ ಆಟ ಬಂದ್ ಅಂತ ನಿಯಮ ತಂದಾಗ ಮೊದಲು ಕಣ್ಣಿಗೆ ಬಂದದ್ದು ಆ ಸ್ಟೇಟ್‌ಮೆಂಟೇ. ಜೂನ್‌ನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೌಶಲವೋ ಅದೃಷ್ಟವೋ ಅನ್ನುವ ಗೋಜಿಗಿಂತ ಗಡಿಯಾರ ನೋಡಿದ ಈ ನಿಯಮವೇ ನನಗೆ ಹೆಚ್ಚು ಬುದ್ಧಿಯದ್ದಾಗಿ ಕಂಡಿತು. ಅದರ ಶಾಯಿ ಆರುವಷ್ಟರಲ್ಲಿ, ಆಗಸ್ಟ್‌ನಲ್ಲಿ, ಸಂಸತ್ತು ಕೌಶಲದ್ದಾದರೂ ಸರಿ ಅದೃಷ್ಟದ್ದಾದರೂ ಸರಿ, ದುಡ್ಡಿನ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯಿದೆ ಮಾಡಿತು. ಕಂಪನಿಗಳು ಕೋರ್ಟಿಗೆ ಹೋದವು.

ನಮ್ಮ ಮನೆಯ ಶಿವರಾತ್ರಿ ರಮ್ಮಿ ಈಗಲೂ ಉಂಟು. ದುಡ್ಡಿಲ್ಲ, ವಾಪಸ್ ಒಳಬರುವ ಹಾಗೂ ಇಲ್ಲ. 101 ಆದವರು ಎದ್ದು ಉಳಿದವರಿಗೆ ಕಾಫಿ ಮಾಡಬೇಕು. ಕಳೆದ ಸಲ ಮೂರು ಬಾರಿಯೂ ಕಾಫಿ ನನ್ನದೇ. ರಾಜ ರಾಣಿಯರನ್ನು ಬಿಡಲು ಇನ್ನೂ ಮನಸ್ಸು ಬರುವುದಿಲ್ಲ ನೋಡಿ.