‘ನೆಗೆಟಿವ್’ ಎಂದರೆ ಸೋಂಕಿಲ್ಲ ಎಂದರ್ಥವೇ?

ಮಂಡ್ಯ ಜಿಲ್ಲೆಯ ಮೊದಲ ಕೋವಿಡ್ ಪ್ರಕರಣಗಳು 2020ರ ಏಪ್ರಿಲ್‌ನಲ್ಲಿ ವರದಿಯಾದದ್ದು ಮಳವಳ್ಳಿಯಿಂದ. ಅದುವರೆಗೆ ಪ್ರಯೋಗಾಲಯಗಳ ಭಾಷೆಯಾಗಿದ್ದ ‘ಪಿಸಿಆರ್’ ಕೆಲವೇ ದಿನಗಳಲ್ಲಿ ಬೀದಿಮಾತಾಯಿತು. ‘ಪಾಸಿಟಿವ್’ ಬಂದರೆ ಬೀದಿಗೇ ಬೀಗ. ‘ನೆಗೆಟಿವ್’ ಬಂದರೆ ಮನೆಮಂದಿಗೆಲ್ಲ ನೆಮ್ಮದಿ. ಆದರೆ ಈ ಒಂದು ಪದವನ್ನು ಎಷ್ಟರಮಟ್ಟಿಗೆ ನಂಬಬಹುದು?

ಪಿಸಿಆರ್ ಎಂದರೆ ಪಾಲಿಮರೇಸ್ ಸರಪಳಿ ಕ್ರಿಯೆ. 1983ರಲ್ಲಿ ಇದನ್ನು ಕಲ್ಪಿಸಿದವರು ಕ್ಯಾಲಿಫೋರ್ನಿಯಾದ ಸೀಟಸ್ ಕಂಪನಿಯಲ್ಲಿದ್ದ ವಿಜ್ಞಾನಿ ಕ್ಯಾರಿ ಮುಲಿಸ್. ಡಿಎನ್‌ಎ ತುಣುಕನ್ನು ಕಾಯಿಸಿ, ತಣಿಸಿ, ಪ್ರತಿ ಸುತ್ತಿಗೂ ಇಮ್ಮಡಿಗೊಳಿಸುವುದೇ ಇದರ ಗುಟ್ಟು. ಮೂವತ್ತು ಸುತ್ತು ಮುಗಿಯುವಷ್ಟರಲ್ಲಿ ಒಂದು ತುಣುಕು ನೂರು ಕೋಟಿ ದಾಟುತ್ತದೆ. ಆ ಕಾವಿಗೂ ಕೆಡದ ಕಿಣ್ವವನ್ನು ಒದಗಿಸಿದ್ದು, ಅಮೆರಿಕದ ಯೆಲ್ಲೊಸ್ಟೋನ್ ಬಿಸಿನೀರ ಬುಗ್ಗೆಗಳಲ್ಲಿ ಥಾಮಸ್ ಬ್ರಾಕ್ ಕಂಡುಕೊಂಡಿದ್ದ ಬ್ಯಾಕ್ಟೀರಿಯಾ. 1993ರಲ್ಲಿ ಮುಲಿಸ್‌ಗೆ ನೊಬೆಲ್ ಬಂತು. ಕೊರೊನಾ ಆರ್‌ಎನ್‌ಎ ವೈರಸ್ಸಾದ್ದರಿಂದ ಮೊದಲು ಅದನ್ನು ಡಿಎನ್‌ಎಗೆ ನಕಲು ಮಾಡಿಕೊಳ್ಳಬೇಕು. ‘ಆರ್‌ಟಿ’ ಎಂಬ ಮುನ್ನಕ್ಷರಗಳು ಬಂದದ್ದು ಹಾಗೆ.

ಸರಿಯಾಗಿ ನಡೆಸಿದರೆ ಈ ಪರೀಕ್ಷೆ ಒಂದು ವೈರಸ್ಸನ್ನು ಇನ್ನೊಂದೆಂದು ಭ್ರಮಿಸುವುದು ತೀರ ಅಪರೂಪ. ಎಡವಟ್ಟಾಗುವುದು ಹೆಚ್ಚಾಗಿ ಅದಕ್ಕೂ ಮೊದಲೇ. ಕಡ್ಡಿ ಮೂಗಿನ ಆಳಕ್ಕೆ ಹೋಗದಿರಬಹುದು. ಮಾದರಿಯನ್ನು ತಂಪಿನಲ್ಲಿ ಕಾಪಾಡದಿರಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ದಿನ. 2020ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರು ಏಳು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ರೋಗಲಕ್ಷಣ ತೋರಿದ ದಿನವೇ ಪರೀಕ್ಷಿಸಿದರೆ ನೂರು ಸೋಂಕಿತರಲ್ಲಿ ಸುಮಾರು 38 ಮಂದಿಗೆ ‘ನೆಗೆಟಿವ್’ ಬರಬಹುದು; ಮೂರು ದಿನ ಕಳೆದು ಪರೀಕ್ಷಿಸಿದರೆ ಸುಮಾರು 20 ಮಂದಿಗೆ. ಆಮೇಲೆ ತಪ್ಪಿನ ಪ್ರಮಾಣ ಮತ್ತೆ ಏರುತ್ತದೆ.

ಇದಕ್ಕೆ ವಿರುದ್ಧವಾದ ಪ್ರಸಂಗವೂ ಉಂಟು. ಗುಣವಾದವರ ಮೂಗಿನಲ್ಲಿ ಸತ್ತ ವೈರಸ್ಸಿನ ಚೂರುಗಳು ವಾರಗಟ್ಟಲೆ ಉಳಿಯಬಹುದು. ಪಿಸಿಆರ್ ಅವನ್ನೂ ಹೆಕ್ಕುತ್ತದೆ. ಜೀವಂತ ವೈರಸ್ ಯಾವುದು, ಸತ್ತದ್ದು ಯಾವುದು ಎಂಬುದು ಅದಕ್ಕೆ ತಿಳಿಯದು. ವರದಿಯಲ್ಲಿ ಕಾಣುವ ‘ಸಿಟಿ’ ಅಂಕಿ, ವೈರಸ್ ಗೋಚರಿಸಲು ಎಷ್ಟು ಸುತ್ತು ಬೇಕಾಯಿತೆಂಬ ಎಣಿಕೆ. ಅಂಕಿ ದೊಡ್ಡದಾದಷ್ಟೂ ಮಾದರಿಯಲ್ಲಿದ್ದ ವೈರಸ್ ಕಡಿಮೆ.

ದಿನ ನೋಡಿ ಪರೀಕ್ಷೆ ಆರಿಸಬೇಕೆಂಬ ಪಾಠ ಕರ್ನಾಟಕಕ್ಕೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯಲ್ಲೂ ಪಿಸಿಆರ್ ನೆರವಾಗುವುದು ಜ್ವರದ ಮೊದಲ ದಿನಗಳಲ್ಲಿ, ರಕ್ತದಲ್ಲಿ ವೈರಸ್ ಇರುವಾಗ. ಆ ಬಳಿಕ ಪ್ರತಿಕಾಯಗಳನ್ನು ಹುಡುಕುವ ಎಲೈಸಾ ಪರೀಕ್ಷೆಯೇ ಗತಿ.

ಪಿಸಿಆರ್ ವರದಿ ಉತ್ತರಿಸುವುದು ಒಂದೇ ಪ್ರಶ್ನೆಗೆ: ಆ ದಿನ, ಆ ಕಡ್ಡಿಗೆ ಹತ್ತಿದ ದ್ರವದಲ್ಲಿ ವೈರಸ್ಸಿನ ತುಣುಕು ಇತ್ತೇ? ಮನೆಯಲ್ಲಿ ಸೋಂಕಿತರಿದ್ದು, ತನಗೂ ಜ್ವರ, ಕೆಮ್ಮು ಇರುವಾಗ ಒಂದು ‘ನೆಗೆಟಿವ್’ ಚೀಟಿ ಹಿಡಿದು ಮದುವೆಮನೆಗೆ ಹೊರಡುವವರು ಆ ಚೀಟಿ ಹೇಳದ ಮಾತನ್ನು ಅದರ ಬಾಯಲ್ಲಿ ಹೇಳಿಸಿದಂತೆ. ಪರೀಕ್ಷೆ ನಂಬಲರ್ಹವೇ, ರೋಗಿಯನ್ನು ಬಿಟ್ಟು ಚೀಟಿಯನ್ನಷ್ಟೇ ಓದುವುದು ತರವಲ್ಲ.